ಹೊಟ್ಟೆ ನೆನೆಸಿಕೊಂಡು ಬಂದ ಟಿಟ್ಟಿಭ

ಏಪ್ರಿಲ್ ಕೊನೆಯ ಭಾನುವಾರ ಬೆಳಿಗ್ಗೆ ಆರಕ್ಕೇ ನಾನು, ಭಾವ ಬೆಂಗಳೂರಿನ ಜಕ್ಕೂರು ಕೆರೆ ಏರಿ ಮೇಲಿದ್ದೆವು. "ಈ ಬಿಸಿಲಲ್ಲಿ ಯಾವ ಹಕ್ಕಿ ಸಿಗುತ್ತೆ?" ಅಂತ ಅಕ್ಕ ನಕ್ಕಿದ್ದಳು. ಅವಳ ಮಾತೂ ಸುಳ್ಳಲ್ಲ. ಚಳಿಗಾಲಕ್ಕೆ ಬಂದಿದ್ದ ಬಾತುಗಳೆಲ್ಲ ಉತ್ತರಕ್ಕೆ ವಾಪಸ್ ಹೋಗಿದ್ದವು. ಆದರೆ ಇಲ್ಲೇ ಇರುವ ಎಷ್ಟೋ ಹಕ್ಕಿಗಳಿಗೆ ಸಂಸಾರದ ಕಾಲ ಇದೇ.

ಬೇಸಿಗೆಯಲ್ಲೂ ಈ ಕೆರೆ ಒಣಗುವುದಿಲ್ಲ. ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಹಾದು, ಇನ್ನಷ್ಟು ತಿಳಿಯಾಗಿ, ಸುಮಾರು 160 ಎಕರೆಯ ಕೆರೆ ಸೇರುತ್ತದೆ. ವಾಸನೆ ಸ್ವಲ್ಪ ಇದೆ, ಹತ್ತು ನಿಮಿಷದಲ್ಲಿ ಮೂಗಿಗೆ ಅಭ್ಯಾಸವಾಗುತ್ತದೆ.

ಭಾವನದ್ದು ಒಂದೇ ನಿಯಮ. ಗೂಡು ಹುಡುಕಬಾರದು, ಗೂಡಿನ ಸುಳಿವು ಹುಡುಕಬೇಕು. "ಕೊಕ್ಕಲ್ಲಿ ಏನಿದೆ ನೋಡೋ. ಕಡ್ಡಿ ಇದ್ರೆ ಗೂಡು ಕಟ್ತಿದೆ. ಹುಳ ಹಿಡಿದು, ನುಂಗದೆ ಹಾರಿದ್ರೆ ಎಲ್ಲೋ ಮರಿ ಇದೆ." ಬಣ್ಣವೂ ಸುಳಿವೇ. ಉಳಿದ ದಿನಗಳಲ್ಲಿ ಬೆಳ್ಳಗಿರುವ ಗೋವಕ್ಕಿಯ ತಲೆ, ಕತ್ತು ಈಗ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಜೊಂಡಿನ ಅಂಚಲ್ಲಿ ಕೊಳೆತ ಸೊಪ್ಪಿನ ಗುಡ್ಡೆಯೊಂದು ತೇಲುತ್ತಿತ್ತು. ನಾನು ಕಸ ಅಂದುಕೊಂಡೆ. ದುರ್ಬೀನು ಹಿಡಿದರೆ ಅದರ ಮೇಲೆ ಗುಳುಮುಳುಕ ಅನ್ನೋ ಪುಟ್ಟ ನೀರುಹಕ್ಕಿ! ಕತ್ತು ಇಟ್ಟಿಗೆ ಕೆಂಪು. ನಾವು ನಿಂತಿದ್ದೇ ತಡ, ಅದು ಗಡಿಬಿಡಿಯಲ್ಲಿ ನಾಲ್ಕು ಎಳೆ ಸೊಪ್ಪು ಎಳೆದು ಮೈಕೆಳಗಿದ್ದದ್ದನ್ನು ಮುಚ್ಚಿ, ನೀರಿಗೆ ಜಾರಿ ಮಾಯವಾಯಿತು. ಮನೆಗೆ ಬೀಗ ಹಾಕಿ ಹೋದ ಹಾಗೆ. ಮೊಟ್ಟೆ ಇರಬೇಕು ಅಂತ ನಾವು ಹಿಂದೆ ಸರಿದೆವು.

ಆಚೆ ಬದಿಯ ಒಣ ಮಣ್ಣಲ್ಲಿ ಟಿಟ್ಟಿಭ ಒಂದೇ ಸಮ ಕಿರುಚುತ್ತಿತ್ತು. ಉದ್ದ ಲೆನ್ಸಿನವರೊಬ್ಬರು ಅದರ ಜಾಗಕ್ಕೇ ಕಾಲಿಟ್ಟಿದ್ದರು. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬರೀ ನೆಲದಲ್ಲಿ ಸಣ್ಣ ಕುಳಿ ಕೆರೆದು ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಕಲ್ಲಿನಂತೆಯೇ ಕಾಣುತ್ತವೆ. ತುಳಿದ ಮೇಲೇ ಗೊತ್ತಾಗೋದು! ನನಗೆ ಸಿಟ್ಟು ಬಂತು. ಭಾವ ಅವರನ್ನು ಮೆಲ್ಲಗೆ ಕರೆದು ಈಚೆ ತಂದು ಹೊಂಗೆ ನೆರಳಲ್ಲಿ ಕೂರಿಸಿದರು.

ಹಕ್ಕಿ ಕೂಡಲೇ ಹೋಗಿ ಕೂರಲಿಲ್ಲ. ನಾಲ್ಕು ಹೆಜ್ಜೆ ಓಡಿ ನಿಂತಿತು, ಸುಮ್ನೆ ನೆಲ ಕುಕ್ಕಿತು, ಬೇರೆ ಕಡೆ ತಿರುಗಿತು. ಎಲ್ಲ ನಾಟಕ. ಕೊನೆಗೆ ಒಂದು ಕಡೆ ಕುಕ್ಕರಿಸಿತು. ಎಂಟೂವರೆಗೆ ಅದರ ಜೋಡಿ ನೀರಂಚಿನಿಂದ ನಡೆದು ಬಂತು. ಹೊಟ್ಟೆಯ ಗರಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಎದ್ದಿತು, ಒದ್ದೆ ಹೊಟ್ಟೆಯದು ಅದೇ ಜಾಗದಲ್ಲಿ ಕೂತಿತು. ಬಿಸಿಲಿಗೆ ಮೊಟ್ಟೆ ಕಾಯದಿರಲೆಂದು ಹೀಗೆ ತಂಪು ಮಾಡುತ್ತವಂತೆ. ಕಣ್ಣಾರೆ ನೋಡಿದ್ದು ನಾನು ಇದೇ ಮೊದಲು.

"ಮೊಟ್ಟೆ ಅಲ್ಲೇ ಅಲ್ವಾ ಸಾರ್? ಒಂದೇ ಫೋಟೋ," ಅಂತ ಲೆನ್ಸಿನವರು ಎದ್ದರು.

ಭಾವ ಕೆರೆಯ ಆ ತುದಿ ತೋರಿಸಿದರು. "ಅಯ್ಯೋ, ಅಲ್ನೋಡಿ ಸಾರ್, ಹೆಜ್ಜಾರ್ಲೆ ಇಳೀತಿದೆ!"

ಅವರು ಟ್ರೈಪಾಡ್ ಹೆಗಲಿಗೇರಿಸಿ ಅತ್ತ ಓಡಿದರು.