ಆರಿದ ರೊಟ್ಟಿ

ಈ ಸಲದ ಪವಿತ್ರ ಗುರುವಾರ ರಾತ್ರಿ, ಯೇಸು ಸ್ವಾಮಿಯ ಕಡೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ, ಚರ್ಚಿನಲ್ಲಿ ಮೊಣಕಾಲೂರಿದೆ. ಸಭಾಪಾಲಕರು ನನ್ನ ಅಂಗೈ ಮೇಲೆ ರೊಟ್ಟಿಯ ಚೂರು ಇಟ್ಟರು. ಉಗುರಿನಷ್ಟು ಚಿಕ್ಕದು. ಅದನ್ನು ನೋಡುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು. ಎರಡು ವರ್ಷದಿಂದ ಅದೇ ಜಾಗದಲ್ಲಿ ಮೊಣಕಾಲೂರಿದ್ದೇನೆ, ಅಂಥದ್ದೇ ಚೂರು ಬಾಯಿಗೆ ಹಾಕಿಕೊಂಡು ಎದ್ದು ಬಂದಿದ್ದೇನೆ. ಈ ಸಲ ಮಾತ್ರ ಅದು ರೊಟ್ಟಿ ಅನ್ನಿಸಿತು. ನಮ್ಮ ಆಯಿ, ಅಂದರೆ ಅಜ್ಜಿ, ಬಡಿಯುತ್ತಿದ್ದಂಥ ರೊಟ್ಟಿ. ಕರ್ತನು ಮಾಡಿದ ಈ ಉಪಕಾರವನ್ನು ಹೇಳದೆ ಇರಲಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಬೈಬಲನ್ನು ಕನ್ನಡಕ್ಕೆ ತಂದ ಹಿರಿಯರಿಗೆ ನಾನು ಯಾವಾಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಯೇಸು ಸ್ವಾಮಿ ಮುರಿದು ಕೊಟ್ಟದ್ದನ್ನು ಅವರು 'ರೊಟ್ಟಿ' ಅಂತಲೇ ಬರೆದರು. ತಮಿಳಿನಲ್ಲಿ, ಮಲಯಾಳದಲ್ಲಿ ಅದು 'ಅಪ್ಪಂ' ಆಯಿತು. ನಮ್ಮ ಧಾರವಾಡದ ಕಡೆಯವರಿಗೆ ರೊಟ್ಟಿ ಎಂದರೆ ಬೇರೆ ವಿವರಣೆ ಬೇಕಿಲ್ಲ. ಸಂಡೇ ಸ್ಕೂಲಿನಲ್ಲಿ ಐದು ರೊಟ್ಟಿ ಎರಡು ಮೀನಿನ ಕಥೆ ಕೇಳಿದಾಗ ನನ್ನ ಕಣ್ಣಿಗೆ ಕಂಡದ್ದು ಜೋಳದ ರೊಟ್ಟಿಯೇ. ಆ ಹುಡುಗನ ಅವ್ವ ಬೆಳಿಗ್ಗೆ ಎದ್ದು ಬಡಿದು, ಬಟ್ಟೆಯಲ್ಲಿ ಸುತ್ತಿ ಕೊಟ್ಟಿರಬೇಕು ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ನಮ್ಮ ಹಿರಿಯರು ಯಾವಾಗ ಸೇರಿದರು, ಹೇಗೆ ಸೇರಿದರು ಎಂಬ ಕಥೆಯನ್ನು ಆಯಿ ಒಂದೊಂದು ಸಲ ಒಂದೊಂದು ಥರ ಹೇಳುತ್ತಿದ್ದಳು. ಆದರೆ ಅವಳು ಬದಲಾಯಿಸದ ಒಂದು ಪದ್ಧತಿ ಇತ್ತು. ಕರ್ತನ ಭೋಜನದ ಹಿಂದಿನ ದಿನ, ಶನಿವಾರ ಸಂಜೆ, ಅವಳು ಸಿದ್ಧವಾಗುತ್ತಿದ್ದಳು.

ಸಿದ್ಧವಾಗುವುದು ಎಂದರೆ ಬಿಳಿ ಸೀರೆ ತೆಗೆದಿಡುವುದಲ್ಲ. ಅದನ್ನೂ ಮಾಡುತ್ತಿದ್ದಳು, ಅದು ಬೇರೆ ಮಾತು. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾ 139ನೇ ಕೀರ್ತನೆಯನ್ನು ಬಾಯಿಪಾಠ ಹೇಳುತ್ತಿದ್ದಳು. ದೇವರೇ, ನನ್ನನ್ನು ಪರೀಕ್ಷಿಸು, ನನ್ನ ಹೃದಯವನ್ನು ತಿಳಿದುಕೋ ಎಂದು ದಾವೀದ ಬೇಡುವ ಕಡೆಯ ಭಾಗ ಬಂದಾಗ ದನಿ ಸಣ್ಣದಾಗುತ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಯಾರ ಕೂಡ ಮಾತು ಬಿಟ್ಟೀರಿ? ಹೇಳ್ರಿ."

ಸುಳ್ಳು ಹೇಳಿದಿರಾ, ಸಕ್ಕರೆ ಕದ್ದಿರಾ ಅಂತ ಕೇಳುತ್ತಿರಲಿಲ್ಲ. ಮಾತು ಬಿಟ್ಟದ್ದು ಯಾರ ಜೊತೆ, ಅಷ್ಟೇ. ತಾನೂ ಬೆರಳು ಮಡಚಿ ಎಣಿಸುತ್ತಿದ್ದಳು. ಹಿಟ್ಟು ಮೆತ್ತಿದ ಬೆರಳು. ಹೆಬ್ಬೆರಳು ಒಂದೊಂದು ಗೆರೆಯ ಮೇಲೆ ನಿಲ್ಲುತ್ತಿತ್ತು, ಮುಂದೆ ಹೋಗುತ್ತಿತ್ತು.

ಒಂದು ಶನಿವಾರ ಆ ಹೆಬ್ಬೆರಳು ಮುಂದೆ ಹೋಗಲಿಲ್ಲ. ಹಂಚು ಕಾದಿತ್ತು. ಪರಾತದಲ್ಲಿ ನಾದಿದ ಹಿಟ್ಟು, ಅರ್ಧ ಬಡಿದ ರೊಟ್ಟಿ. ಆಯಿ ಸುಮ್ನೆ ಕೂತಳು. ಆ ವಾರ ನಳದ ನೀರಿನ ಸಲುವಾಗಿ ಆಚೆ ಮನೆಯವರ ಜೊತೆ ಜಗಳ ಆಗಿತ್ತು. ತಪ್ಪು ಅವರದೇ, ಓಣಿಗೆಲ್ಲಾ ಗೊತ್ತಿತ್ತು. ಆಯಿ ಹಂಚು ಇಳಿಸಿದಳು. "ಹಿಟ್ಟಿನ ಮ್ಯಾಲೆ ಹಸಿ ಬಟ್ಟಿ ಹೊದಸವ್ವಾ, ಈಗ ಬಂದೆ" ಅಂದು ಹಿಟ್ಟಿನ ಕೈಯಲ್ಲೇ ಹೊರಟಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಚೆ ಮನೆಯ ಕಟ್ಟೆಯ ಮೇಲೆ ಇಬ್ಬರು ಮುದುಕಿಯರು ಕೂತದ್ದು ಕಂಡಿತು. ಮಾತು ಕೇಳಲಿಲ್ಲ. ವಾಪಸ್ ಬರುವಷ್ಟರಲ್ಲಿ ಜೋಳದ ಹಿಟ್ಟು ಒಣಗಿ ಬಿರಿದಿತ್ತು. ಏನೂ ಹೇಳದೆ ಬಿಸಿನೀರು ಹಾಕಿ ಮತ್ತೆ ನಾದಿದಳು.

ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಅಂತ ಮತ್ತಾಯನ ಸುವಾರ್ತೆ 5ನೇ ಅಧ್ಯಾಯದಲ್ಲಿ ಇದೆಯಲ್ಲ. ಆ ಮಾತಿನ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ನನಗೆ ಅದು ಅರ್ಥವಾದದ್ದು ಬಿರಿದ ಹಿಟ್ಟಿನಿಂದ.

ಈಗ ಆ ಶನಿವಾರಗಳು ಎಲ್ಲಿ ಹೋದವು? ಕರ್ತನ ಭೋಜನದ ಸಿದ್ಧತೆಯ ಪ್ರಾರ್ಥನೆ ಇಟ್ಟರೆ ಬರುವವರು ಬೆರಳೆಣಿಕೆಯಷ್ಟು ಜನ. ಅದರಲ್ಲೂ ತಲೆ ನರೆತವರೇ ಜಾಸ್ತಿ. ಮನೆಯಲ್ಲಿ ಸಂಜೆ ಪ್ರಾರ್ಥನೆ ನಿಂತು ಎಷ್ಟೋ ಕಾಲವಾಯಿತು. ಮೊಬೈಲಿನಲ್ಲಿ ಬೈಬಲ್ ಇದೆ, ದಿನಕ್ಕೊಂದು ವಾಕ್ಯ ತಾನಾಗಿ ಬಂದು ಬೀಳುತ್ತದೆ, ನಾವು ಹತ್ತು ಜನರಿಗೆ ಕಳಿಸುತ್ತೇವೆ, ಮುಗಿಯಿತು. ದೂರುವುದಕ್ಕೆ ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದವಳು. ಆದರೆ ಓದಿದ ಮಾತು ಮೈಗೆ ಹತ್ತಬೇಕಾದರೆ ಸ್ವಲ್ಪ ಹೊತ್ತು ಕೂರಬೇಕು ಅಲ್ವಾ? ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ, ತಾನು ಹೇಗಿದ್ದೆ ಎಂಬುದನ್ನೇ ಮರೆಯುವ ಮನುಷ್ಯನ ಬಗ್ಗೆ ಯಾಕೋಬನ ಪತ್ರದಲ್ಲಿದೆ. ನಾವು ಕನ್ನಡಿಯನ್ನೇ ಹತ್ತು ಜನರಿಗೆ ಕಳಿಸಿ ಕೂತಿದ್ದೇವೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಅವ್ವ ತೀರಿಕೊಂಡು ವರ್ಷ ತುಂಬಿದಾಗ ಧಾರವಾಡದಲ್ಲಿ ಅಣ್ಣನ ಮನೆಯಲ್ಲಿ ಸ್ಮರಣೆಯ ಪ್ರಾರ್ಥನೆ ಇತ್ತು. ಅವ್ವ ಕಡೆಯ ಆರು ವರ್ಷ ಅಲ್ಲೇ ಇದ್ದಳು. ನೋಡಿಕೊಂಡವರು ನಮ್ಮ ವೈನಿ, ಅಣ್ಣನ ಹೆಂಡತಿ. ನಾನು ಹುಬ್ಬಳ್ಳಿಯಲ್ಲೇ ಇದ್ದರೂ ಹೋಗುತ್ತಿದ್ದದ್ದು ತಿಂಗಳಿಗೊಮ್ಮೆ. ಹಣ್ಣು ಹಿಡಿದುಕೊಂಡು ಹೋಗಿ, ಒಂದು ಗಂಟೆ ಕೂತು ಬರುತ್ತಿದ್ದೆ. ಅವತ್ತು ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಯಾವುದೋ ಮಾತಿಗೆ, ನೆಂಟರೆಲ್ಲರ ಮುಂದೆ ನಾನು ಅಂದುಬಿಟ್ಟೆ: "ನಮ್ಮವ್ವಗ ಕಡೀಕ ಒಂದು ಬಿಸಿ ರೊಟ್ಟಿ ಸಿಗಲಿಲ್ಲ."

ವೈನಿಯ ಕೈಯಲ್ಲಿ ರೊಟ್ಟಿ ಬುಟ್ಟಿ ಇತ್ತು. ಅದನ್ನು ಕೆಳಗಿಟ್ಟು ಒಳಗೆ ಹೋದರು. ಆಮೇಲೆ ಹೊರಗೆ ಬರಲಿಲ್ಲ.

ಅಲ್ಲಿಂದ ಎರಡು ವರ್ಷ ಮಾತಿಲ್ಲ. ಅಣ್ಣ ಫೋನ್ ಮಾಡಿದರೆ ಎರಡು ಮಾತು, ಅಷ್ಟೇ. ಆ ಎರಡು ವರ್ಷದಲ್ಲಿ ಪಾಪ ನಿವೇದನೆಯನ್ನು ಸಭೆಯ ಜೊತೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಸೋಮಾರಿತನ ಎಲ್ಲ ಒಪ್ಪಿಕೊಂಡೆ. ಇದೊಂದನ್ನು ಒಪ್ಪಿಕೊಳ್ಳಲಿಲ್ಲ. ಯಾಕೆಂದರೆ ಅದು ನನಗೆ ಪಾಪವಾಗಿ ಕಾಣಲೇ ಇಲ್ಲ. ನಿಜ ಹೇಳಿದೆ ಅಂತಲೇ ಅಂದುಕೊಂಡಿದ್ದೆ. ಅವ್ವನ ತಟ್ಟೆಯಲ್ಲಿ ಆರಿದ ರೊಟ್ಟಿಯನ್ನು ನಾನೇ ಕಣ್ಣಾರೆ ನೋಡಿದ್ದೆ.

ನಮ್ಮ ದಕ್ಷಿಣ ಭಾರತ ಸಭೆಯ (ಸಿಎಸ್ಐ) ಆರಾಧನಾ ಕ್ರಮದಲ್ಲಿ ಕಾಣಿಕೆಗಿಂತ ಮುಂಚೆ ಸಮಾಧಾನ ಕೊಡುವ ಒಂದು ಘಳಿಗೆ ಇದೆ. 1947ರಲ್ಲಿ ಸಭೆಗಳು ಒಂದಾದ ಮೇಲೆ, 1950ರಲ್ಲಿ ಬಂದ ಕ್ರಮದಲ್ಲೇ ಇದನ್ನು ಸೇರಿಸಿದರು. ಸಭಾಪಾಲಕರಿಂದ ಶುರುವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಮಾಧಾನ ದಾಟುತ್ತಾ ಹಿಂದಿನ ಸಾಲಿನವರೆಗೂ ಹೋಗುತ್ತದೆ. ಒಬ್ಬರು ಜೋಡಿಸಿದ ಅಂಗೈಗಳನ್ನು ಇನ್ನೊಬ್ಬರು ತಮ್ಮ ಕೈಗಳಲ್ಲಿ ಹಿಡಿಯುತ್ತಾರೆ. ಎಷ್ಟು ಚೆಂದದ ಪದ್ಧತಿ! ಎರಡು ವರ್ಷ ಪಕ್ಕದಲ್ಲಿ ನಿಂತವರಿಗೆಲ್ಲ ನಾನು ಸಮಾಧಾನ ಕೊಟ್ಟೆ. 20 ಕಿಲೋಮೀಟರ್ ಆಚೆ ಕೊಡಬೇಕಾದವರಿಗೆ ಕೊಡಲಿಲ್ಲ.

ಈಸ್ಟರಿಗೆ ಮುಂಚಿನ ಉಪವಾಸದ ಈ ಲೆಂಟ್ ಕಾಲದಲ್ಲಿ ಬುಧವಾರ ಸಂಜೆ ನಮ್ಮಲ್ಲಿ ಬೈಬಲ್ ಅಧ್ಯಯನ ಇತ್ತು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ. 11ನೇ ಅಧ್ಯಾಯಕ್ಕೆ ಬಂದೆವು. ಕರ್ತನ ಭೋಜನದ ಬಗ್ಗೆ ಬರಹದಲ್ಲಿ ಉಳಿದಿರುವ ಅತಿ ಹಳೆಯ ಮಾತು ಅದೇ, ನಾಲ್ಕು ಸುವಾರ್ತೆಗಳಿಗಿಂತ ಮುಂಚಿನದು. ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎನ್ನುವ 28ನೇ ವಚನ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಅದರ ಮುಂದಿನ ವಚನಗಳ ಭಯವೂ ಗೊತ್ತು. ಆದರೆ ಅಧ್ಯಯನ ನಡೆಸುತ್ತಿದ್ದ ಹಿರಿಯರು ನಮ್ಮನ್ನು ಹಿಂದಕ್ಕೆ, 20 ಮತ್ತು 21ನೇ ವಚನಕ್ಕೆ ಕರೆದುಕೊಂಡು ಹೋದರು. ಪೌಲನಿಗೆ ಸಿಟ್ಟು ಬಂದದ್ದು ಯಾಕೆ, ನೋಡಿ ಅಂದರು.

ಕೊರಿಂಥ ದೊಡ್ಡ ವ್ಯಾಪಾರದ ಊರು. ಎರಡು ಕಡೆ ಬಂದರು, ಕೈ ತುಂಬ ದುಡ್ಡು. ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ. ಅಲ್ಲಿ ಉಳ್ಳವರು ತಮ್ಮ ತಮ್ಮ ಊಟ ಮೊದಲೇ ಮುಗಿಸಿಬಿಡುತ್ತಿದ್ದರು. ಒಬ್ಬ ಹಸಿದಿದ್ದಾನೆ, ಇನ್ನೊಬ್ಬನಿಗೆ ಅಮಲೇರಿದೆ. ಇಲ್ಲದವರು ನಾಚಿಕೊಂಡು ನಿಂತಿದ್ದಾರೆ. ದಿನವಿಡೀ ಇನ್ನೊಬ್ಬರ ಮನೆಯಲ್ಲಿ ದುಡಿದು ಬರುವ ದಾಸರು ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿರಬೇಕು. ಇದನ್ನು ಕಂಡೇ ಪೌಲ, ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಿ ಅಂದದ್ದು. ಕರ್ತನ ದೇಹವನ್ನು ವಿವೇಚಿಸದೆ ತಿನ್ನುವುದು ಎಂಬ ಮಾತೂ ಅಲ್ಲೇ ಬರುತ್ತದೆ. ಆ ದೇಹ ಎಂದರೆ ಪಕ್ಕದಲ್ಲಿ ಕೂತ ಸಹೋದರ ಸಹೋದರಿಯರೂ ಹೌದು, ಮುಂದಿನ ಅಧ್ಯಾಯದಲ್ಲಿ ಅದೇ ಮಾತು ಇದೆ. ಇಷ್ಟೆಲ್ಲ ಬರೆದ ಮೇಲೆ 33ನೇ ವಚನದಲ್ಲಿ ಪೌಲ ಕೊಡುವ ಪರಿಹಾರ ಏನು ಗೊತ್ತಾ? ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿ. ಅಷ್ಟೇ.

ನನಗೆ ಮೈ ಜುಮ್ಮೆಂದಿತು. ಆಯಿಯ ಪ್ರಶ್ನೆ ಇದೇ ಆಗಿತ್ತಲ್ಲ! ಅವಳು ಗ್ರೀಕ್ ಓದಿದವಳಲ್ಲ, ಮೂರನೇ ಇಯತ್ತೆಯೂ ಮುಗಿಸಿರಲಿಲ್ಲ. ಆತ್ಮ ಪರೀಕ್ಷೆ ಅಂತ ನಾನು ಇಷ್ಟು ದಿನ ನನ್ನ ಒಳಗನ್ನೇ ಕೆದಕುತ್ತಾ ಕೂತಿದ್ದೆ. ಆಯಿ ಬೆರಳು ಮಡಚಿ ಎಣಿಸುತ್ತಿದ್ದದ್ದು ಜನರನ್ನು.

ಆದರೆ ಮುಂದಿನ ಭಾನುವಾರ ನಾನು ಮಾಡಿದ್ದು ಇನ್ನೊಂದು ತಪ್ಪು. ಕರ್ತನ ಭೋಜನಕ್ಕೆ ಎದ್ದು ಹೋಗಲಿಲ್ಲ. ಯೋಗ್ಯಳಲ್ಲ ಅಂದುಕೊಂಡು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತೆ. ಹಾಗೆ ಕೂತದ್ದರಲ್ಲಿ ಒಂದು ಥರ ತೃಪ್ತಿಯೂ ಇತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ. ಬುಧವಾರ ಆ ಹಿರಿಯರಿಗೆ ಹೇಳಿದೆ. ಅವರು ಸತ್ಯವೇದ ತೆರೆದು ಅದೇ 28ನೇ ವಚನದ ಮೇಲೆ ಬೆರಳಿಟ್ಟರು. "ಪರೀಕ್ಷೆ ಮಾಡಿಕೊಂಡು ದೂರ ಕೂಡ್ರಲಿ ಅಂತ ಬರದಾನೇನ್ರಿ? ಪರೀಕ್ಷೆ ಮಾಡಿಕೊಂಡು ತಿನ್ನಲಿ ಅಂತ ಬರದಾನ." ಗ್ರೀಕಿನಲ್ಲಿ ಅಲ್ಲಿರುವ 'ದೊಕಿಮಾಜೊ' ಎಂಬ ಮಾತನ್ನು ಲೋಹ ಪರೀಕ್ಷಿಸುವುದಕ್ಕೂ ಬಳಸುತ್ತಿದ್ದರಂತೆ. ಅಕ್ಕಸಾಲಿಗ ಬಂಗಾರವನ್ನು ಒರೆಗಲ್ಲಿಗೆ ತಿಕ್ಕುವುದು ಎಸೆಯುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ ಎಂದರು. ಆಮೇಲೆ ಮೆಲ್ಲಗೆ, "ಬೆಂಚಿನ ಮ್ಯಾಲೆ ಕೂತ್ರ ಧಾರವಾಡ ಬರೂದಿಲ್ಲ ತಂಗಿ" ಅಂದರು.

ಗರಿಗಳ ಭಾನುವಾರದ, ಅಂದರೆ ಈಸ್ಟರಿಗೆ ಮುಂಚಿನ ಭಾನುವಾರದ, ಹಿಂದಿನ ಶನಿವಾರ ಮಧ್ಯಾಹ್ನ ಧಾರವಾಡದ ಚಿಗರಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿದೆ. ನವಲೂರು ದಾಟುವಷ್ಟರಲ್ಲಿ ಎಲ್ಲಾ ಮರೆತುಹೋಗಿತ್ತು. ಕೈ ಬೆವರುತ್ತಿತ್ತು. ಕರ್ತನೇ, ಬಾಗಿಲು ತೆಗೆಯುವ ಹಾಗೆ ಮಾಡು, ಅಷ್ಟು ಸಾಕು ಎಂದು ಬೇಡಿಕೊಂಡೆ.

ಬಾಗಿಲು ತೆರೆದೇ ಇತ್ತು. ಒಳಗಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ತಟ್ ತಟ್ ತಟ್, ನಡುವೆ ಪರಾತ ತಿರುಗಿದ ಸದ್ದು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ವೈನಿ ನೋಡಿದರು. ಸಪ್ಪಳ ನಿಂತಿತು.

"ವೈನಿ, ನಾ ಅವತ್ತ ಅಂದದ್ದು ತಪ್ಪಾತು" ಅಂದೆ. ಮುಂದೆ ಮಾತು ಬರಲಿಲ್ಲ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿದರು. ಅದು ಉಬ್ಬುವವರೆಗೂ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ನೋಡದೆ ಅಂದರು: "ಅದನ್ನ ನಾ ಮರತಿಲ್ಲ. ಅವ್ವಾರಿಗೆ ಹಲ್ಲ ಇರಲಿಲ್ಲ. ಬಿಸಿ ರೊಟ್ಟಿ ಹಾಲಿಗೆ ಹಾಕಿದ್ರ ಅಂಟ ಅಂಟ ಆಗತೈತಿ ಅಂತ ಬಿಡ್ತಿದ್ರು. ಆರಿದ್ದ ಛಲೋ ನೆನೀತೈತಿ. ಅದಕ್ಕ ಮುಂಜಾನೆದ್ದು ತಗದಿಡ್ತಿದ್ದೆ."

ಆರು ವರ್ಷ, ದಿನಾ, ಒಂದು ರೊಟ್ಟಿ ತೆಗೆದಿಟ್ಟಿದ್ದರು. ನಾನು ನೋಡಿದ್ದು ಅದನ್ನೇ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಅತ್ತೆನೋ ಗೊತ್ತಿಲ್ಲ. ವೈನಿ ಬಂದು ಎತ್ತಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಉಳಿದ ಹಿಟ್ಟನ್ನು ಬಡಿದು ಮುಗಿಸಿದರು. ರೊಟ್ಟಿಗಳನ್ನು ಬುಟ್ಟಿಗೆ ಹಾಕಿ ಬಿಳಿ ಬಟ್ಟೆ ಮುಚ್ಚಿದರು. ಕೈ ತೊಳೆದುಕೊಂಡು ಬಂದು ಗೋಡೆಗೆ ಒರಗಿ ನನ್ನ ಪಕ್ಕದಲ್ಲಿ ಕೂತರು. ನಾನು ಮುಗಿದ ಕೈ ಹಾಗೇ ಹಿಡಿದುಕೊಂಡಿದ್ದೆ. ಅದರ ಮೇಲೆ ತಮ್ಮ ಕೈ ಇಟ್ಟರು. ಇನ್ನೂ ಹಂಚಿನ ಬಿಸಿ ಇತ್ತು.

ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು. ನಾನು ಬುಟ್ಟಿಯ ಕಡೆ ನೋಡಿದ್ದನ್ನು ವೈನಿ ಕಂಡರು.

"ತಡಿ," ಅಂದರು. "ನಿಮ್ಮಣ್ಣ ಬರ್ಲಿ. ಕೂಡೇ ಉಣ್ಣೂಣು."