ಬಸ್ತಿ, ವಸ್ತಿ, ಬಸದಿ

ಮೊನ್ನೆ ಇಂಗ್ಲಿಷ್ ನಿಘಂಟಿನಲ್ಲಿ ಇನ್ಯಾವುದೋ ಪದ ಹುಡುಕುತ್ತಿದ್ದಾಗ 'ಬಸ್ಟೀ' ಕಣ್ಣಿಗೆ ಬಿತ್ತು. ಬಿ, ಯು, ಎಸ್, ಟಿ, ಆಮೇಲೆ ಎರಡು ಇ. ಒಂದು ಕ್ಷಣ ಗೊತ್ತಾಗಲಿಲ್ಲ, ಬಾಯಿಬಿಟ್ಟು ಓದಿದ ಮೇಲೆ ಹೊಳೆಯಿತು: ಅರೆ, ಇದು ಬಸ್ತಿ! ಪಂಜಾಬ್ ಬರೆಯುವಾಗ 'ಪ'ದ ಪಕ್ಕ ಯು ಹಾಕ್ತೀವಲ್ಲ, ಅದೇ ಲೆಕ್ಕ. ಎದುರಿಗೆ ಕೊಟ್ಟಿದ್ದ ಅರ್ಥ ಇಷ್ಟೇ, ಭಾರತದ ನಗರಗಳ ಕೊಳೆಗೇರಿ. ಓದಿ ತುಂಬಾ ಬೇಜಾರಾಯಿತು.

ಯಾಕೆಂದರೆ ಆ ಪದದಲ್ಲಿ ಕೊಳೆಯೇ ಇಲ್ಲ. ಹಿಂದಿ, ಉರ್ದುವಿನಲ್ಲಿ 'ಬಸ್ನಾ' ಅಂದರೆ ನೆಲೆಸುವುದು. ಬಸ್ತಿ ಅಂದರೆ ಜನ ನೆಲೆಸಿದ ಜಾಗ, ಅಷ್ಟೇ. ಉತ್ತರ ಪ್ರದೇಶದಲ್ಲಿ ಬಸ್ತಿ ಅನ್ನುವ ಜಿಲ್ಲೆಯೇ ಇದೆ. ದೆಹಲಿಯ ನಿಜಾಮುದ್ದೀನ್ ಬಸ್ತಿ ಬೆಳೆದಿದ್ದು 1325ರಲ್ಲಿ ತೀರಿಕೊಂಡ ಸೂಫಿ ಸಂತರ ದರ್ಗಾದ ಸುತ್ತ. ಕವಿ ಅಮೀರ್ ಖುಸ್ರೋ ಗೋರಿ ಅಲ್ಲೇ ಇದೆ, ಉರ್ದು ಕವಿ ಗಾಲಿಬ್ ಗೋರಿಯೂ ಅಲ್ಲೇ.

ಇನ್ನು ಕನ್ನಡಕ್ಕೆ ಬಂದರೆ ಈ ಪದ ನಮಗೇನೂ ಹೊರಗಿನದಲ್ಲ. ಮೂಲ ಸಂಸ್ಕೃತದ 'ವಸತಿ'. ಜೈನರ ಬಸದಿ ಹುಟ್ಟಿದ್ದು ಅದರಿಂದಲೇ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಚಾವುಂಡರಾಯ ಬಸ್ತಿ ಸಿಗುತ್ತದೆ, ಅಲ್ಲಿ ಬಸ್ತಿ ಅಂದರೆ ದೇವರ ಮನೆ. ಉತ್ತರ ಕರ್ನಾಟಕದವರಿಗೆ 'ವಸ್ತಿ ಬಸ್' ಅಂದರೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ರಾತ್ರಿ ಕೊನೆಗೆ ಹಳ್ಳಿಗೆ ಬಂದು ನಿಲ್ಲುವ ಬಸ್ಸು ಅದು. ಡ್ರೈವರ್, ಕಂಡಕ್ಟರ್ ಇಬ್ಬರೂ ಊಟ ಮುಗಿಸಿ ಅದರಲ್ಲೇ ಸೀಟಿನ ಮೇಲೆ ಮಲಗುತ್ತಾರೆ, ಟಿಕೆಟ್ ಚೀಲ ತಲೆದಿಂಬಿನ ಕೆಳಗೆ. ಬೆಳಗ್ಗೆ ಕತ್ತಲಲ್ಲೇ ಹಾರ್ನ್ ಹೊಡೆದರೆ ಹಾಲಿನ ಕ್ಯಾನಿನವರು, ಕಾಲೇಜು ಹುಡುಗರು ಓಡಿಬರುತ್ತಾರೆ. ಮನೆಗೆ ಬಂದವರನ್ನೂ 'ಇವತ್ತ ವಸ್ತಿ ಇದ್ದು ನಾಳೆ ಹೋಗ್ರಿ' ಅಂತಲೇ ತಡೆಯುವುದು. ಎಷ್ಟು ಪ್ರೀತಿಯ ಮಾತು ಅಲ್ವಾ?

ಇಂಗ್ಲಿಷಿನ ಬಸ್ಟೀ ಅಂದ ಕೂಡಲೇ ಜಾಸ್ತಿ ನೆನಪಾಗುವ ಊರು ಕೋಲ್ಕತ್ತಾ. ಅಲ್ಲಿನ ಬಸ್ತಿಗಳ ಬಗ್ಗೆ ಓದಿದ ಮೇಲೆ ನನ್ನ ತಲೆಯಲ್ಲಿದ್ದ ಒಂದು ತಪ್ಪು ಕಲ್ಪನೆ ಬಿಟ್ಟುಹೋಯಿತು. ಅಲ್ಲಿಯವರು ಎಲ್ಲೋ ಖಾಲಿ ಜಾಗ ನೋಡಿ ನುಗ್ಗಿ ಕೂತವರು ಅಂದುಕೊಂಡಿದ್ದೆ. ಹಳೆಯ ಬಸ್ತಿಗಳಲ್ಲಿ ಹಾಗಲ್ಲ. ನೆಲ ಒಬ್ಬ ಜಮೀನ್ದಾರನದು. ಅದನ್ನು ಗೇಣಿಗೆ ಹಿಡಿದು ಹೆಂಚಿನ ಮನೆಗಳ ಸಾಲು ಕಟ್ಟಿದವನು 'ಠಿಕಾ' ಒಕ್ಕಲು. ಅವನ ಹತ್ತಿರ ಒಂದೊಂದು ಕೋಣೆ ಬಾಡಿಗೆಗೆ ಹಿಡಿದು ಸಂಸಾರ ಮಾಡುವವರು ಮೂರನೆಯವರು. ಒಂದು ಅಂಗಳ, ಅದರ ಸುತ್ತ ಕೋಣೆಗಳು, ಒಂದು ನಲ್ಲಿ, ಎಲ್ಲರಿಗೂ ಸೇರಿ ಒಂದು ಪಾಯಿಖಾನೆ. ಅಂದರೆ ತಿಂಗಳು ತಿಂಗಳು ಬಾಡಿಗೆ ಕೊಟ್ಟು ಇರುವ ಜನ. ಈ ಠಿಕಾ ಪದ್ಧತಿಗೇ ಅಂತ 1949ರಲ್ಲಿ ಒಂದು ಕಾನೂನು ಬಂತು, 1981ರಲ್ಲಿ ಬಂದ ಇನ್ನೊಂದು ಕಾನೂನು ಜಮೀನ್ದಾರರ ಕೈಯಿಂದ ಆ ನೆಲವನ್ನು ಸರ್ಕಾರಕ್ಕೆ ತಂದಿತು. 1970ರ ದಶಕದಲ್ಲಿ ಬಸ್ತಿಗಳನ್ನು ಕೆಡವುವುದು ಬಿಟ್ಟು, ಇದ್ದಲ್ಲೇ ನೀರು, ಚರಂಡಿ, ಬೀದಿದೀಪ, ಕಲ್ಲು ಹಾಸಿದ ಓಣಿ ಕೊಡುವ ಕೆಲಸ ದೊಡ್ಡದಾಗಿ ನಡೆಯಿತು. ನನ್ನ ಪ್ರಕಾರ ಅದು ಸರಿಯಾದ ದಾರಿ. ಮನೆ ಕೆಡವಿ ಊರಾಚೆ ಹಾಕಿದರೆ ಕೆಲಸಕ್ಕೆ ಹೋಗುವುದು ಹೇಗೆ?

ಕಾನೂನಿನ ಭಾಷೆ ಮಾತ್ರ ಬೇರೆ. 1956ರ ಕೇಂದ್ರದ ಕಾಯ್ದೆ ಸ್ಲಮ್ ಅನ್ನುವುದನ್ನು ಮನುಷ್ಯರ ವಾಸಕ್ಕೆ ಯೋಗ್ಯವಲ್ಲದ ಜಾಗ ಅಂತ ಹೇಳುತ್ತದೆ. ಜನ ವಾಸ ಮಾಡುವ ಜಾಗ ಅನ್ನುವ ಪದ ಒಂದು ಕಡೆ, ವಾಸಕ್ಕೆ ಆಗದ ಜಾಗ ಅನ್ನುವ ಕಾನೂನು ಇನ್ನೊಂದು ಕಡೆ, ಎರಡೂ ಒಂದೇ ಓಣಿಗೆ! 2011ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು ಆರೂವರೆ ಕೋಟಿ ಜನ ಇಂಥ ಕಡೆ ಇದ್ದರು.

ನಮ್ಮ 'ಕೊಳೆಗೇರಿ' ಇನ್ನೂ ಕೆಟ್ಟದ್ದು ಅಂತ ನನಗನ್ನಿಸುತ್ತದೆ. ಕೇರಿ ಒಳ್ಳೆಯ ಪದ, ಊರುಕೇರಿ ಅಂತ ಜೊತೆಗೇ ಹೇಳ್ತೀವಿ. ಅದರ ಮುಂದೆ ಕೊಳೆ ಅಂಟಿಸಿದ್ದು ಯಾರೋ ಗೊತ್ತಿಲ್ಲ, ಅಲ್ಲಿ ಇರುವವರಂತೂ ಅಲ್ಲ. ಅವರು ನಮ್ಮ ಏರಿಯಾ, ನಮ್ಮ ಕಾಲೋನಿ ಅಂತಾರೆ. ಕರ್ನಾಟಕದಲ್ಲಿ ಇದಕ್ಕೆಂದೇ ಇರುವ ಮಂಡಳಿಯ ಹೆಸರಲ್ಲಿ ಮೊದಲು 'ನಿರ್ಮೂಲನೆ' ಇತ್ತು, ಆಮೇಲೆ ಅದು 'ಅಭಿವೃದ್ಧಿ' ಆಯಿತು. ಅಷ್ಟು ಬದಲಾಗಿದ್ದು ಒಳ್ಳೆಯದೇ. 'ಕೊಳೆಗೇರಿ' ಅನ್ನುವ ಪದ ಮಾತ್ರ ಹಾಗೇ ಉಳಿಯಿತು.

ಇದನ್ನೆಲ್ಲ ಬರೆಯುವಾಗ ಹೈಸ್ಕೂಲಿನ ಒಬ್ಬ ಗೆಳೆಯ ನೆನಪಾಗುತ್ತಿದ್ದಾನೆ. ಶಾಲೆ ಶುರುವಾದಾಗ ಎಲ್ಲರೂ ಎದ್ದು ನಿಂತು ಹೆಸರು, ವಿಳಾಸ ಹೇಳಬೇಕಿತ್ತು. ಇವನು ಪಕ್ಕದ ಬಡಾವಣೆಯ ಹೆಸರು ಹೇಳಿದ. ಹಿಂದಿನ ಬೆಂಚಿನಿಂದ ಯಾರೋ 'ಸುಳ್ಳು ಸಾರ್, ಅವನದು ಸ್ಲಮ್ಮು' ಅಂದರು, ಇಡೀ ತರಗತಿ ನಕ್ಕಿತು. ನಾನೂ ನಕ್ಕಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ. ಅವನು ಶರ್ಟಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತೇ ಇದ್ದ. ಆಮೇಲೆ ನಾವು ಹತ್ತಿರವಾದೆವು, ಅವನ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದೇನೆ. ಈಗ ಅವನಿಗೆ ಹಕ್ಕುಪತ್ರ ಸಿಕ್ಕಿದೆ, ಮೇಲೊಂದು ಮಹಡಿಯೂ ಎದ್ದಿದೆ. ಆದರೂ ಫೋನಿನಲ್ಲಿ ಯಾರಿಗೇ ದಾರಿ ಹೇಳಲಿ, ಆ ಜಾಗದ ಹೆಸರು ಅವನ ಬಾಯಲ್ಲಿ ಬರುವುದಿಲ್ಲ. 'ನೀರಿನ ಟ್ಯಾಂಕ್ ಹತ್ರ ಬಂದು ಕಾಲ್ ಮಾಡಿ, ನಾನೇ ಬರ್ತೀನಿ' ಅನ್ನುತ್ತಾನೆ.