ಕೊಡೆಯೋ, ಛತ್ರಿಯೋ?

ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆಯಾಗಿರುವ ನನ್ನನ್ನು, ಎಚ್ಚರವಿರುವ ರೋಗಿಯ ಮಿದುಳಿನ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಔಷಧದ ಪ್ರಮಾಣಕ್ಕಿಂತ ಹೆಚ್ಚು ಕಾಡಿದ್ದು ಒಂದು ಕೊಡೆಯ ಚಿತ್ರ.

ರೋಗಿ ಕುಂದಾಪುರದ ಕಡೆಯವರು. ಮಾಟುಂಗದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತವರು. ಗಡ್ಡೆ ಎಡಮಿದುಳಿನಲ್ಲಿ, ಮಾತಿನ ನೆಲೆಗೆ ತೀರ ಹತ್ತಿರವಿತ್ತು. ಆ ನೆಲೆ ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇರುವುದರಿಂದ, ಕತ್ತರಿ ಆಡಿಸುವ ಮೊದಲು ಅದನ್ನು ರೋಗಿಯ ಬಾಯಿಂದಲೇ ಹುಡುಕಬೇಕು. ಚಿತ್ರಗಳನ್ನು ತೋರಿಸಿ ಅವರು ಸಲೀಸಾಗಿ ಹೇಳಿದವುಗಳನ್ನಷ್ಟೇ ಆರಿಸಿಕೊಳ್ಳುವಾಗ, ಧಾರವಾಡದವಳಾದ ನಾನು ‘ಛತ್ರಿ’ ಎಂದು ಬರೆದುಕೊಂಡೆ. ಅವರು ನಕ್ಕು, “ಅದು ಕೊಡೆ ಅಲ್ದಾ ಡಾಕ್ಟ್ರೇ?” ಎಂದರು. ಛತ್ರಿ ಮರಾಠಿಯೂ ಹೌದು, ನಮ್ಮ ಕಡೆಯ ಕನ್ನಡವೂ ಹೌದು. ಕೊಡೆ ಎಂದರೆ ಮಾತ್ರ ಅವರ ಕನ್ನಡ ಕೆಲಸ ಮಾಡುತ್ತಿದೆ ಎಂದು ನನಗೆ ಖಚಿತವಾಗುತ್ತದೆ. ಹಿಂದಿಯಲ್ಲಿ ಅದು ಛಾತಾ.

ಮಿದುಳಿಗೆ ನೋವಿನ ಅರಿವಿಲ್ಲ. ನೋಯುವುದು ತಲೆಯ ಚರ್ಮ, ಮೂಳೆಯ ಹೊದಿಕೆ ಮತ್ತು ಡ್ಯೂರಾ ಎಂಬ ಪೊರೆ. ಆದ್ದರಿಂದ ಹುಬ್ಬಿನ ಮೇಲೆ, ಕಣತಲೆಯಲ್ಲಿ, ಕಿವಿಯ ಮುಂದೆ, ಹಿಂದಲೆಯಲ್ಲಿ ಹಾಯುವ ನರಗಳ ಸುತ್ತ ಎರಡೂ ಬದಿಗೆ, ಆ ಜಾಗವನ್ನಷ್ಟೇ ಮರಗಟ್ಟಿಸುವ ಬುಪಿವಕೇನ್ ಚುಚ್ಚಿದೆ. ಬುರುಡೆ ತೆರೆಯುವವರೆಗೆ ಪ್ರೊಪೊಫಾಲ್ ಮತ್ತು ಡೆಕ್ಸ್‌ಮೆಡಿಟೊಮಿಡಿನ್‌ನ ತೆಳು ನಿದ್ದೆ ಸಾಕು, ಆದರೆ ಆ ನಿದ್ದೆಯಲ್ಲಿ ಉಸಿರು ಕಟ್ಟಬಾರದು. ಮೂರು ಮೊಳೆಗಳ ಚೌಕಟ್ಟಿನಲ್ಲಿ ತಲೆ ಬಿಗಿದಿರುವಾಗ ಗಂಟಲಿಗೆ ಕೊಳವೆ ಹಾಕುವುದು ಸುಲಭವಲ್ಲ. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ನಾನು ಹೆದರುವುದು ಈ ಒಂದು ಗಂಟೆಗೆ.

ಪ್ರೊಪೊಫಾಲ್ ನಿಲ್ಲಿಸಿ ಹೆಸರು ಹಿಡಿದು ಕರೆದಾಗ ಕಣ್ಣು ಬಿಟ್ಟ ಅವರು ಮೊದಲು ಹೇಳಿದ್ದು ಬಾಯಿ ಒಣಗುತ್ತಿದೆ ಎಂದು. ಒದ್ದೆ ಹತ್ತಿಯಿಂದ ತುಟಿ ಒರೆಸಿ, ನೀಲಿ ಬಟ್ಟೆಯ ಗುಡಾರದೊಳಗೆ ತಲೆ ತೂರಿಸಿ ಕುಳಿತೆ. ಸರ್ಜನ್ ಸಣ್ಣ ವಿದ್ಯುತ್ ಕಡ್ಡಿಯಿಂದ ಮಿದುಳನ್ನು ಮುಟ್ಟಿದಾಗ ಆ ಜಾಗದ ಕೆಲಸ ಕ್ಷಣಕಾಲ ತಡೆಯುತ್ತದೆ; ಆಗ ರೋಗಿಯ ಮಾತು ತಪ್ಪಿದರೆ ಅದು ಮಾತಿನ ನೆಲೆ. ಪ್ರತಿ ಚಿತ್ರಕ್ಕೂ ಅವರು ‘ಇದು’ ಎಂದು ಆರಂಭಿಸಬೇಕೆಂಬುದು ನಮ್ಮ ಒಪ್ಪಂದವಾಗಿತ್ತು: ‘ಇದು’ ಬಂದು ಹೆಸರು ಬಾರದಿದ್ದರೆ ತಪ್ಪಿದ್ದು ಪದ, ‘ಇದು’ವೇ ಬಾರದಿದ್ದರೆ ನಿಂತದ್ದು ಮಾತು. ವಿದ್ಯುತ್ತಿನಿಂದ ಮಿದುಳನ್ನು ಹೀಗೆ ಮುಟ್ಟಿ ನಕ್ಷೆ ಬರೆಯುವ ಕ್ರಮವನ್ನು ಬೆಳೆಸಿದವರು ಮಾಂಟ್ರಿಯಲ್‌ನಲ್ಲಿ 1934ರಲ್ಲಿ ನರವಿಜ್ಞಾನ ಸಂಸ್ಥೆ ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್. ಆ ವಿದ್ಯುತ್ತಿನಿಂದ ಫಿಟ್ಸ್ ಬಂದರೆ ಮಿದುಳಿನ ಮೇಲೆ ಸುರಿಯಲೆಂದು ಮಂಜಿನಂತೆ ತಣ್ಣಗಿನ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಲವಣದ್ರಾವಣ ಪಕ್ಕದಲ್ಲೇ ಇರುತ್ತದೆ; ಅಂದು ಅದು ಬೇಕಾಗಲಿಲ್ಲ.

“ಇದು ಗಡಿಯಾರ. ಇದು ಮೀನು. ಇದು... ಇದು...” ಕೊಡೆಯ ಚಿತ್ರದ ಮುಂದೆ ನಿಂತರು; ಹುಬ್ಬು ಗಂಟಿಕ್ಕಿತು, ಕಡ್ಡಿ ತೆಗೆದೊಡನೆ “ಕೊಡೆ, ಕೊಡೆ” ಎಂದರು. ನಡುನಡುವೆ ಬೇರೆ ಜಾಗಗಳನ್ನು ಮುಟ್ಟಿ ಮತ್ತೆರಡು ಬಾರಿ ಅಲ್ಲಿಗೇ ಬಂದಾಗಲೂ ಹಾಗೆಯೇ ಆಯಿತು. ಅದೇ ಜಾಗದಲ್ಲಿ ಹಿಂದಿಯಲ್ಲಿ ಕೇಳಿದಾಗ ಛಾತಾ ಎಂಬುದು ತಡೆಯಿಲ್ಲದೆ ಬಂತು. ಕನ್ನಡ ಬಾರದ ಸರ್ಜನ್ ಬಟ್ಟೆಯ ಆಚೆಯಿಂದ, “ಸರಿ ಹೇಳಿದರಲ್ಲ?” ಎಂದು ಕೇಳಿದರು. ಹಿಂದಿಯಲ್ಲಿ ಸರಿ, ಕನ್ನಡದಲ್ಲಿ ಇಲ್ಲ ಎಂದೆ. ಅವರು ಕ್ಷಣ ಸುಮ್ಮನಿದ್ದು, ಆ ಜಾಗದ ಮೇಲೆ 7 ಎಂದು ಬರೆದ ಪುಟ್ಟ ಚೀಟಿಯನ್ನಿಟ್ಟು, ಅದರ ಸುತ್ತ ಗಡ್ಡೆಯ ಒಂದು ಅಂಚನ್ನು ಹಾಗೆಯೇ ಬಿಟ್ಟರು.